ನಂಬಿದವರಿಗಾಗಿ ಬರೆದ ಕಥೆಗಳು

ಬಾಳ್ಳುಪೇಟೆಯಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಆಗಸ್ಟ್ ಕಳೆಯುವವರೆಗೆ ಬಿಡುವುದು ಅಪರೂಪ. ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಬೆಂಗಳೂರು–ಮಂಗಳೂರು ಹೆದ್ದಾರಿಗೆ ಅಂಟಿಕೊಂಡ ಊರು ನಮ್ಮದು; ಸುತ್ತ ಕಾಫಿಯ ತೋಟಗಳು. ಮಳೆಗಾಲದ ಸಂಜೆ, ತೋಟದಿಂದ ಬೇಗ ಮನೆ ಸೇರಿದವರಲ್ಲಿ ಓದುವ ಅಭ್ಯಾಸ ಉಳಿದಿರುವ ಕೆಲವರು ಪುಸ್ತಕ ಹುಡುಕುತ್ತಾರೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನೆಂಬ ಒಂದೇ ಕಾರಣದಿಂದ ನಮ್ಮ ಮನೆಯ ಕಪಾಟು ಬೀದಿಯವರಿಗೆಲ್ಲ ವಾಚನಾಲಯವಾಗಿದೆ. ಕೊಟ್ಟ ಪುಸ್ತಕ ಹಿಂದಕ್ಕೆ ಬಾರದ ದುಃಖ ಎಲ್ಲ ವಾಚನಾಲಯಗಳಿಗೂ ಇರುವಂತೆ ನನಗೂ ಇದೆ. ಆ ಮಾತು ಇಲ್ಲಿ ಬೇಡ.

ತಪ್ಪದೆ ಹಿಂದಿರುಗಿಸುವವರು ಒಬ್ಬರೇ, ಹಿಂದಿನ ಬೀದಿಯ ಬಾಯಮ್ಮ. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು ವಾಡಿಕೆ. ಅವರ ಯಜಮಾನರು ತೋಟವೊಂದರಲ್ಲಿ ರೈಟರು. ಬಾಯಮ್ಮನ ಪ್ರಾರ್ಥನೆ ಕೊಂಕಣಿಯಲ್ಲಿ, ಓದು ಕನ್ನಡದಲ್ಲಿ. ತ್ರಿವೇಣಿಯವರ ಕಾದಂಬರಿಗಳನ್ನು ಮುಗಿಸಿ ಕಾರಂತರಿಗೆ ಬಂದವರು. ಕೆಲವು ವರ್ಷಗಳ ಹಿಂದೆ ಅವರ ಹನ್ನೊಂದು ವರ್ಷದ ಮಗ ಮಳೆಗಾಲದ ಜ್ವರದಲ್ಲಿ ಒಂದೇ ವಾರಕ್ಕೆ ತೀರಿಹೋದ. ಆಮೇಲೆ ಬಹಳ ದಿನ ಅವರು ಪುಸ್ತಕ ಕೇಳಲು ಬರಲಿಲ್ಲ. ಒಂದು ಸಂಜೆ ಬಂದರು. ಬರುವಾಗ ತಾವೇ ಒಂದು ಪುಸ್ತಕ ಹಿಡಿದುಕೊಂಡು ಬಂದರು. ಯಾರೋ ಹಿತೈಷಿಗಳು ಸಮಾಧಾನಕ್ಕೆಂದು ಅವರಿಗೆ ಕೊಟ್ಟಿದ್ದ ಕ್ರೈಸ್ತ ಕಥೆಯ ಪುಸ್ತಕ. ನಲವತ್ತು ಪುಟ, ಬಣ್ಣದ ರಕ್ಷಾಕವಚ.

"ಮೇಷ್ಟ್ರೇ, ಇದು ನಿಮ್ಮ ಹತ್ತಿರವೇ ಇರಲಿ" ಎಂದರು. "ಇದರಲ್ಲಿ ಆ ತಾಯಿ ರಾತ್ರಿಯೆಲ್ಲ ಕೂತು ಪ್ರಾರ್ಥನೆ ಮಾಡುತ್ತಾಳೆ, ಬೆಳಿಗ್ಗೆ ಹುಡುಗನ ಜ್ವರ ಬಿಡುತ್ತದೆ. ಒಳ್ಳೆಯದೇ ಆಯಿತು. ನಾನೂ ಮಾಡಿದ್ದೆನಲ್ಲ?"

ಕೂತುಕೊಳ್ಳಿ ಬಾಯಮ್ಮ ಎಂದೆ. ಅವರು ಕೂರಲಿಲ್ಲ.

ಆ ಪುಸ್ತಕವನ್ನು ಅಂದು ರಾತ್ರಿ ಓದಿ ಮುಗಿಸಿದೆ. ಬರೆದವರದು ಒಳ್ಳೆಯ ಉದ್ದೇಶವೇ. ಭಾಷೆ ಶುದ್ಧವಾಗಿತ್ತು, ಅಚ್ಚು ಅಚ್ಚುಕಟ್ಟಾಗಿತ್ತು. ಆದರೂ ಸಮಾಧಾನ ಹೇಳಲು ಹೊರಟ ಕಥೆ ನೊಂದವರನ್ನೇ ಮತ್ತಷ್ಟು ನೋಯಿಸಿತು. ಇದು ಮತಧರ್ಮದ ಪ್ರಶ್ನೆಯೆಂದು ಪಾದ್ರಿಗಳಿಗೆ ಬಿಟ್ಟುಬಿಡಬಹುದಿತ್ತು. ನನಗೆ ಹಾಗೆ ಕಾಣಲಿಲ್ಲ. ಬಾಯಮ್ಮನ ನಂಬಿಕೆ ಅಲ್ಲಾಡಿರಲಿಲ್ಲ. ಮರುದಿನ ಭಾನುವಾರ, ಅವರು ಎಂದಿನಂತೆ ಪೂಜೆಗೆ ಹೋದರು. ಅವರು ದೂರಿದ್ದು ಕಥೆಯನ್ನು. ಕಥೆಯ ತಪ್ಪನ್ನು ವಿಚಾರಿಸುವುದು ವಿಮರ್ಶಕನ ಕೆಲಸ.

ಮೊದಲಿಗೇ ಒಂದು ಪೂರ್ವಗ್ರಹವನ್ನು ದೂರ ಮಾಡಬೇಕು. ನಂಬಿದವರಿಗಾಗಿ ಬರೆದದ್ದು ಸಾಹಿತ್ಯವಾಗಲಾರದು, ಅದು ಬರಿಯ ಪ್ರಚಾರ ಎಂಬ ಮಾತು ನಮ್ಮ ವಿದ್ಯಾವಂತರಲ್ಲಿ ಚಲಾವಣೆಯಲ್ಲಿದೆ. ಕನ್ನಡ ಓದಿದವರು ಈ ಮಾತನ್ನು ಆಡುವಂತಿಲ್ಲ. ನಮಗೆ ದೊರೆತಿರುವ ಅತಿ ಹಳೆಯ ಗದ್ಯಕಥೆಗಳ ಸಂಗ್ರಹವಾದ 'ವಡ್ಡಾರಾಧನೆ' ನಂಬಿದವರಿಗಾಗಿಯೇ ಹುಟ್ಟಿದ ಪುಸ್ತಕ. ಅದರ ಹತ್ತೊಂಬತ್ತು ಕಥೆಗಳೂ ಜೈನ ಶ್ರಾವಕರಿಗೆ, ಮರಣದ ಮುಂದೆ ಮನಸ್ಸು ಗಟ್ಟಿಯಾಗಲೆಂದು ಹೇಳಿದವು. ಸುಕುಮಾರಸ್ವಾಮಿಯ ಕಥೆಯಲ್ಲಿ ಧ್ಯಾನಕ್ಕೆ ನಿಂತವನನ್ನು ನರಿ ತನ್ನ ಮರಿಗಳೊಡನೆ ಕಚ್ಚಿ ತಿನ್ನುತ್ತದೆ. ಕಥೆಗಾರ ಅದನ್ನು ತಡೆಯಲು ಯಾವ ದೇವತೆಯನ್ನೂ ಕಳಿಸುವುದಿಲ್ಲ. ನೋವು ನೋವಾಗಿಯೇ ಇರುತ್ತದೆ. ಅದನ್ನು ಸಹಿಸಿದ ರೀತಿಯೇ ಕಥೆ.

ಇನ್ನು ಜನ್ನ. ನಮ್ಮ ಹಾಸನ ಸೀಮೆಯ ಹೊಯ್ಸಳರ ಆಸ್ಥಾನದ ಕವಿ. ೧೨೦೯ರಲ್ಲಿ 'ಯಶೋಧರ ಚರಿತೆ'ಯನ್ನು ಬರೆದ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಹಿಂಸೆಯ ಸಂಕಲ್ಪ ಜನ್ಮಜನ್ಮಕ್ಕೂ ಅಟ್ಟಿಸಿಕೊಂಡು ಬರುತ್ತದೆಂದು ಸಾರುವ ಕಾವ್ಯ. ಇದಕ್ಕಿಂತ ಸ್ಪಷ್ಟವಾದ ಧರ್ಮೋಪದೇಶ ಬೇಕೆ? ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವುದು ಯಾವುದು? ರಾತ್ರಿಯ ಹೊತ್ತಿನಲ್ಲಿ ಕುರೂಪಿಯಾದ ಮಾವಟಿಗನ ಹಾಡು ಕೇಳಿ ಸೋತ ಅಮೃತಮತಿ. ಕವಿ ಅವಳನ್ನು ಕೊನೆಗೆ ನರಕಕ್ಕೇ ಕಳಿಸುತ್ತಾನೆ. ಆದರೂ ಆ ಹಾಡಿನ ಇಂಪನ್ನು ಮುಚ್ಚಿಡುವುದಿಲ್ಲ. ಜನ್ನನಿಗೆ ತನ್ನ ಧರ್ಮದಲ್ಲಿ ನಂಬಿಕೆ ಗಟ್ಟಿಯಾಗಿದ್ದುದರಿಂದಲೇ ಪಾಪದ ಸೆಳೆತವನ್ನು ಅಷ್ಟು ಧೈರ್ಯವಾಗಿ ತೋರಿಸಬಲ್ಲವನಾದನೆಂದು ನನ್ನ ಅಭಿಪ್ರಾಯ.

ಮಮ್ಮಟನು ಉಪದೇಶದ ಮೂರು ಬಗೆಗಳನ್ನು ಹೇಳಿದ್ದಾನೆ: ಒಡೆಯನಂತೆ ಆಜ್ಞಾಪಿಸುವುದು, ಗೆಳೆಯನಂತೆ ತಿಳಿಯಹೇಳುವುದು, ನಲ್ಲೆಯಂತೆ ಒಲಿಸಿಕೊಳ್ಳುವುದು. ಕಾವ್ಯದ್ದು ಮೂರನೆಯ ದಾರಿ. ತರಗತಿಯಲ್ಲಿ ಇದನ್ನು ಪ್ರತಿ ವರ್ಷ ಹೇಳಿ ಹೇಳಿ ನನಗೇ ಬೇಸರ ಬಂದಿತ್ತು. ಬಾಯಮ್ಮ ಹಿಂದಿರುಗಿಸಿದ ಪುಸ್ತಕವನ್ನು ಓದಿದಾಗ ಅದಕ್ಕೆ ಮತ್ತೆ ಜೀವ ಬಂತು. ಆ ಪುಸ್ತಕ ನಲ್ಲೆಯ ಉಡುಪು ತೊಟ್ಟ ಒಡೆಯ. ಪ್ರಾರ್ಥಿಸಿದರೆ ಫಲ ಉಂಟು ಎಂಬ ಆಜ್ಞೆ ಮೊದಲೇ ಸಿದ್ಧವಾಗಿದೆ. ತಾಯಿ, ಮಗ, ಜ್ವರ ಮೂರೂ ಆ ಆಜ್ಞೆಗೆ ಸಾಕ್ಷಿ ಹೇಳಲು ಕರೆತಂದವು. ತಾಯಿಗೆ ಆ ರಾತ್ರಿ ಒಂದು ಕ್ಷಣವಾದರೂ ದೇವರ ಮೇಲೆ ಸಿಟ್ಟು ಬಂದೀತೆಂಬ ಗುಮಾನಿಯೂ ಬರೆದವರಿಗೆ ಇಲ್ಲ.

ಕ್ರೈಸ್ತ ಕಥನ ಕನ್ನಡಕ್ಕೆ ಬಂದ ಮೊದಲ ದಿನಗಳಲ್ಲಿ ಹೀಗಿರಲಿಲ್ಲವೆಂಬುದು ಸೋಜಿಗ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಕಾಲಿಟ್ಟದ್ದು ೧೮೩೪ರಲ್ಲಿ. ಅಷ್ಟು ಹೊತ್ತಿಗೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಬೈಬಲ್ಲು ಕನ್ನಡವಾಗಿತ್ತು. ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. ೧೮೪೩ರ ಜುಲೈ ಒಂದರಂದು ಹೆರ್ಮನ್ ಮೊಗ್ಲಿಂಗರ 'ಮಂಗಳೂರ ಸಮಾಚಾರ' ಹೊರಟಿತು. ಆ ದಶಕದಲ್ಲೇ ಜಾನ್ ಬನಿಯನ್ನನ ಕೃತಿ 'ಯಾತ್ರಿಕನ ಸಂಚಾರ'ವೆಂಬ ಹೆಸರಿನಿಂದ ಕನ್ನಡಿಗರ ಕೈಗೆ ಬಂತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅದೇ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ಮುದ್ರಿತವಾದದ್ದು ೧೮೯೯ರಲ್ಲಿ. ನಮ್ಮ ಮೊದಲ ಸಾಮಾಜಿಕ ಕಾದಂಬರಿ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಉದ್ದನೆಯ ಗದ್ಯಕಥೆಯೊಂದು, ಒಬ್ಬ ಸಾಮಾನ್ಯ ಮನುಷ್ಯ ಹೆಂಡತಿ ಮಕ್ಕಳನ್ನು ಬಿಟ್ಟು ಹೊರಟ ಕಥೆ, ಕನ್ನಡದಲ್ಲಿ ಓದಲು ಸಿಗುತ್ತಿತ್ತು. ಸಾಹಿತ್ಯಚರಿತ್ರೆಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ.

ಬನಿಯನ್ ಪಾತ್ರೆಗಳಿಗೆ ತೇಪೆ ಹಾಕುವ ಕಸುಬಿನವನು. ಅಪ್ಪಣೆಯಿಲ್ಲದೆ ಉಪದೇಶ ಮಾಡಿದನೆಂದು ಹನ್ನೆರಡು ವರ್ಷ ಬೆಡ್‌ಫರ್ಡಿನ ಸೆರೆಯಲ್ಲಿದ್ದವನು. ಅವನ ಪುಸ್ತಕದ ಮೊದಲ ಭಾಗ ಅಚ್ಚಾದದ್ದು ೧೬೭೮ರಲ್ಲಿ. ಅದು ಅಪ್ಪಟ ಉಪದೇಶದ ಕಥೆ. ಪಾತ್ರಗಳ ಹೆಸರುಗಳೇ ಗುಣಗಳ ಹೆಸರು. ನಿಯಮದ ಪ್ರಕಾರ ಅದು ಒಣಗಿದ ಕಟ್ಟಿಗೆಯಾಗಬೇಕಿತ್ತು. ಆಗಲಿಲ್ಲ, ಅದರ ದಾರಿ ನಿಜವಾದ ದಾರಿ, ಕೆಸರು ನಿಜವಾದ ಕೆಸರು. ಯಾತ್ರಿಕನೂ ಅವನ ಗೆಳೆಯನೂ ನಿರಾಶೆಯೆಂಬ ರಾಕ್ಷಸನ ಕೋಟೆಯಲ್ಲಿ ಸಿಕ್ಕಿಬೀಳುತ್ತಾರೆ. ರಾಕ್ಷಸ ಹೊಡೆಯುವುದಷ್ಟೇ ಅಲ್ಲ, ನೀವೇ ಪ್ರಾಣ ಕಳೆದುಕೊಳ್ಳಿರೆಂದು ಬುದ್ಧಿ ಹೇಳುತ್ತಾನೆ. ಯಾತ್ರಿಕ ಆ ಮಾತನ್ನು ಯೋಚಿಸಿ ನೋಡುತ್ತಾನೆ! ಬಿಡುಗಡೆಯ ಬೀಗದಕೈ ತನ್ನ ಎದೆಯಲ್ಲೇ ಇತ್ತೆಂಬುದು ನೆನಪಾಗುವುದು ಆಮೇಲೆ. ಕೊನೆಯಲ್ಲಿ, ಸ್ವರ್ಗದ ಪಟ್ಟಣ ಕಣ್ಣಿಗೆ ಬಿದ್ದಮೇಲೆ ಕೂಡ, ಹೊಳೆಯಲ್ಲಿ ಅವನು ಮುಳುಗುವುದರಲ್ಲಿರುತ್ತಾನೆ. ನಂಬಿದವನಿಗೂ ಕೊನೆಯ ಹೊಳೆಯಲ್ಲಿ ಕಾಲು ನೆಲಕ್ಕೆ ಎಟುಕದೆ ಹೋಗಬಹುದೆಂದು ಬನಿಯನ್ನನಿಗೆ ಗೊತ್ತಿತ್ತು. ಸೆರೆಯಲ್ಲಿದ್ದವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಈ ಬೀಜ ಕನ್ನಡದಲ್ಲಿ ಏಕೆ ಮರವಾಗಲಿಲ್ಲ? ಮಿಷನ್ನಿನವರಿಗೆ ಕನ್ನಡದ ಕಥನ ಪರಂಪರೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಮೊದಲಿಗೆ ಅಚ್ಚಿಗೆ ತಂದವರಲ್ಲಿ ಮೊಗ್ಲಿಂಗರು ಮುಖ್ಯರು. ಕಿಟ್ಟೆಲ್ಲರ ನಿಘಂಟು ೧೮೯೪ರಲ್ಲಿ ಹೊರಬಂತು. ಅದಿಲ್ಲದೆ ನಮ್ಮಂಥವರ ಮೇಜು ಇಂದಿಗೂ ಪೂರ್ಣವಲ್ಲ. ಅದೇ ಕಿಟ್ಟೆಲ್ಲರು 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಹೊಂದಿಸಿ ಬರೆದರು. ಹೊರಗಿನವರ ಕಾವ್ಯಗಳನ್ನು ಇಷ್ಟು ಆದರದಿಂದ ಅಚ್ಚು ಹಾಕಿದ ಮಿಷನ್ನು ತನ್ನ ಸಭೆಯವರ ಕೈಗೆ ಹೆಚ್ಚಾಗಿ ಕೊಟ್ಟದ್ದು ಪ್ರಶ್ನೋತ್ತರ ಮಾಲೆ, ಕರಪತ್ರ, ನೀತಿಕಥೆಗಳನ್ನು. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಅಕ್ಷರದ ಹತ್ತಿರ ಸುಳಿಯಲು ಬಿಡದಿದ್ದ ಎಷ್ಟೋ ಮನೆತನಗಳಿಗೆ ಆ ಕಿರುಹೊತ್ತಗೆಗಳೇ ಓದು ಕಲಿಸಿದವು. ಅವುಗಳನ್ನು ಹೀಯಾಳಿಸುವ ಹಕ್ಕು ನಮಗಿಲ್ಲ. ಆದರೆ ಓದು ಕಲಿಸುವ ಪುಸ್ತಕ ಬೇರೆ, ಓದು ಕಲಿತವನಿಗೆ ಬೇಕಾದ ಪುಸ್ತಕ ಬೇರೆ. ಎರಡನೆಯದರ ಹಸಿವು ಹುಟ್ಟಿದಾಗಲೂ ಮೊದಲನೆಯದನ್ನೇ ಬಡಿಸಿದರು.

ಭಾಷೆಯೂ ಒಂದು ಕಾರಣ. ಪ್ರಾಟೆಸ್ಟಂಟರ ಕನ್ನಡದಲ್ಲಿ 'ಸುವಾರ್ತೆ', ಕಥೋಲಿಕರ ಕನ್ನಡದಲ್ಲಿ 'ಶುಭಸಂದೇಶ'. ಒಂದೇ ಮಾತಿಗೆ ಎರಡು ಬೇಲಿ. ಬೀದಿಯ ಕನ್ನಡದಲ್ಲಿ ಮಾತಾಡುವ ಹೆಂಗಸು ಕಥೆಯೊಳಗೆ ಕಾಲಿಟ್ಟ ಕೂಡಲೆ ಸಂಧಿ ಸಮಾಸ ಹಿಡಿದು ಪ್ರಾರ್ಥನಾಪುಸ್ತಕದ ಭಾಷೆಯಲ್ಲಿ ತನ್ನ ಗಂಡನೊಡನೆ ಜಗಳವಾಡುತ್ತಾಳೆ. ಬಾಯಮ್ಮನ ಪುಸ್ತಕದಲ್ಲಿ ಆ ತಾಯಿ ವೈದ್ಯನನ್ನು ಕರೆತರಲು ಗಂಡನಿಗೆ ಹೇಳುವ ಮಾತು ಆರು ಸಾಲಿನದು. ಅಷ್ಟು ಹೊತ್ತಿಗೆ ನಮ್ಮೂರಿನ ಗಂಡಸರು ಆಟೋ ಹಿಡಿದು ಸಕಲೇಶಪುರ ಸೇರಿರುತ್ತಾರೆ.

ಇದಲ್ಲದೆ ಕರಾವಳಿಯಿಂದ ಬಂದ ಕಥೋಲಿಕರ ಕಥೆ ಬೇರೆ. ಅವರ ಕಥೆ ಕಾದಂಬರಿಗಳ ಹಸಿವು ಬಹುಮಟ್ಟಿಗೆ ಕೊಂಕಣಿಯಲ್ಲೇ ತೀರಿತು. ಅದೂ ಕನ್ನಡ ಲಿಪಿಯಲ್ಲಿ. ಮಂಗಳೂರಿನ 'ರಾಕ್ಣೊ' ವಾರಪತ್ರಿಕೆ ೧೯೩೮ರಲ್ಲಿ ಹುಟ್ಟಿತು. 'ಖಡಾಪ್' ಎಂಬ ಹೆಸರಿನಿಂದ ಬರೆದ ವಿ. ಜೆ. ಪಿ. ಸಲ್ಡಾನ್ಹಾ ಅವರು ತಮ್ಮ ಜನ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆ ಅನುಭವಿಸಿದ ದಿನಗಳನ್ನು ಕಾದಂಬರಿಗಳಾಗಿಸಿದರು. ಲಿಪಿ ನಮ್ಮದೇ ಆದರೂ ಆ ಸಾಹಿತ್ಯದ ಬಿಸಿ ಕನ್ನಡಕ್ಕೆ ತಾಕಲಿಲ್ಲ. ಇತ್ತ ಕನ್ನಡವೇ ಮನೆಮಾತಾದ ಹಳೆಯ ಮೈಸೂರಿನ ಕಥೋಲಿಕರಿಗೆ, ಎರಡನೆಯ ವ್ಯಾಟಿಕನ್ ಸಭೆ (೧೯೬೨–೬೫) ದೇಶಭಾಷೆಗಳಿಗೆ ಬಾಗಿಲು ತೆರೆಯುವವರೆಗೆ ಬಲಿಪೂಜೆಯೇ ಲ್ಯಾಟಿನ್ನಿನಲ್ಲಿತ್ತು. ದೇವರೊಡನೆ ಲ್ಯಾಟಿನ್ನು, ಅಂಗಡಿಯಲ್ಲಿ ಕನ್ನಡ. ಎರಡರ ನಡುವೆ ಕಾದಂಬರಿಗೆ ಬೇಕಾದ ಮಾತು ಹುಟ್ಟುವುದಕ್ಕೆ ಕಾಲ ಹಿಡಿಯುವುದು ಸಹಜ.

ಕ್ರಿಸ್ತನನ್ನು ಕುರಿತ ದೊಡ್ಡ ಕನ್ನಡ ಕಾವ್ಯ ಹೀಗಾಗಿ ಸಭೆಯ ಹೊರಗಿನಿಂದ ಬಂತು. ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಯೇಸುವಿನ ಕಡೆಯ ದಿನವನ್ನು ಹೇಳುವ ಖಂಡಕಾವ್ಯ. ಬುದ್ಧನ ಕಡೆಯ ದಿನವನ್ನು ಹೇಳುವ 'ವೈಶಾಖಿ'ಗೆ ಅಕ್ಕ. ಪೈಗಳು ಕ್ರೈಸ್ತರಲ್ಲ. ಪುನರುತ್ಥಾನದ ವಿಜಯಕ್ಕೆ ಆತುರಪಡದೆ ಆ ಒಂದು ದಿನದ ಸಂಕಟದಲ್ಲಿ ಅವರು ನಿಂತರು. ಅದರ ಗಾಂಭೀರ್ಯಕ್ಕೆ ಸಮನಾದುದು ಈ ವಸ್ತುವನ್ನು ಕುರಿತು ಕನ್ನಡದಲ್ಲಿ ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಆದರೆ ಬಾಯಮ್ಮನಿಗೆ ಅದನ್ನು ಕೊಟ್ಟಾಗ ಎರಡು ದಿನದಲ್ಲಿ ಹಿಂದಕ್ಕೆ ಬಂತು. "ಅರ್ಥ ಹೇಳುವವರು ಬೇಕು ಮೇಷ್ಟ್ರೇ" ಎಂದರು. ಪೈಗಳ ಹಳಗನ್ನಡದ ಪದಸಂಪತ್ತು ಎಂ.ಎ. ತರಗತಿಯಲ್ಲೇ ಬೆವರಿಳಿಸುತ್ತದೆ. ದೊಡ್ಡ ಕವಿಗಳ ಸಾಲಿನಲ್ಲಿ ಪೈಗಳ ಸ್ಥಾನ ಇದರಿಂದ ಕಡಮೆಯಾಗುವುದಿಲ್ಲ. ನಂಬಿದ ವಾಚಕಿಯ ಕೈ ಮಾತ್ರ ಬರಿದಾಗಿಯೇ ಉಳಿಯುತ್ತದೆ.

ಸಭೆಯ ಒಳಗಿದ್ದೂ ಬೇಲಿ ದಾಟಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಪಾದ್ರಿಗಳು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರು ಕಥೆಗಾರರಲ್ಲ. ಆದರೂ ಇಲ್ಲಿ ಅವರ ಹೆಸರು ಬೇಕು. ಪ್ರವಚನ ಪೀಠದಿಂದ ಇಳಿದು ಸಂತೆಯ ಮಾತಿಗೆ ಕಿವಿಗೊಟ್ಟ ಪಾದ್ರಿಯೊಬ್ಬರು ಕನ್ನಡದಲ್ಲಿದ್ದರು, ಅದರಿಂದ ಅವರ ಕ್ರೈಸ್ತತ್ವಕ್ಕೆ ಯಾವ ಕುಂದೂ ಬರಲಿಲ್ಲ. ಕ್ರೈಸ್ತ ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಕಾದಂಬರಿಯಲ್ಲಿ ಆ ಕೆಲಸ ಮಾಡಿದವರು ಸಾಗರದ ನಾ. ಡಿಸೋಜರು. ೨೦೨೫ರ ಜನವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಶರಾವತಿ ಮುಳುಗಡೆಯ ಕಾದಂಬರಿಕಾರರೆಂದು ನೆನೆದವು. ಸರಿಯೇ. ಆದರೆ ನನ್ನ ಕೈ ಹೆಚ್ಚು ಸಲ ಹೋಗುವುದು 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಪುಸ್ತಕಕ್ಕೆ. ಕರಾವಳಿಯಿಂದ ಘಟ್ಟ ಹತ್ತಿ ಬಂದು, ಮಲೆನಾಡಿನ ಊರೊಂದರಲ್ಲಿ ಇಗರ್ಜಿಯ ಮಗ್ಗುಲಲ್ಲಿ ಮನೆ ಮಾಡಿಕೊಂಡ ಕ್ರೈಸ್ತರ ಬಾಳು ಅದರ ವಸ್ತು. ಹೆಸರನ್ನೇ ನೋಡಿ. 'ದೇವಾಲಯ' ಎಂದಿಲ್ಲ, 'ಚರ್ಚು' ಎಂದಿಲ್ಲ. ಪೋರ್ತುಗೀಜರಿಂದ ಕೊಂಕಣಿಗೆ, ಕೊಂಕಣಿಯಿಂದ ಮಲೆನಾಡಿನ ಕನ್ನಡಕ್ಕೆ ಇಳಿದ 'ಇಗರ್ಜಿ' ಎಂದಿದೆ. ಆ ಒಂದು ಮಾತಿನಲ್ಲಿ ಒಂದು ಜನದ ವಲಸೆಯೆಲ್ಲ ಅಡಗಿದೆ. ಗಂಟೆ ಹೊಡೆದರೆ ಮೊಣಕಾಲೂರುವ ಜನ, ಗಂಟೆ ನಿಂತಮೇಲೆ ಬೇಲಿಯ ಜಗಳವನ್ನೂ ಮುಂದುವರಿಸುತ್ತಾರೆ. ಲೇಖಕರು ಅವರನ್ನು ಗೇಲಿ ಮಾಡುವುದಿಲ್ಲ, ಸಂತರನ್ನಾಗಿಯೂ ಮಾಡುವುದಿಲ್ಲ. ನಂಬಿಕೆ ಅಲ್ಲಿ ಚರ್ಚೆಯ ವಿಷಯವಲ್ಲ, ಅಡಿಗೆಮನೆಯ ಹೊಗೆಯಂತೆ ಮನೆಯಲ್ಲೆಲ್ಲ ಇರುವ ವಸ್ತು.

ಒಂದು ಕೊರತೆಯನ್ನೂ ಹೇಳಬೇಕು. ಡಿಸೋಜರ ಗಮನ ಸಮುದಾಯದ ಮೇಲೆ. ಒಂಟಿಯಾಗಿ ಕೂತು ದೇವರೊಡನೆ ವಾದಿಸುವ ಮನಸ್ಸಿನ ಒಳಕ್ಕೆ ಅವರು ಹೆಚ್ಚಾಗಿ ಇಳಿಯುವುದಿಲ್ಲ. ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲೂ ಜಪಾನಿನಲ್ಲೂ ನಂಬಿದ ಲೇಖಕರೇ ಅಲ್ಲಿಗೆ ಇಳಿದರು. ಗ್ರಹಾಂ ಗ್ರೀನರ 'ದಿ ಪವರ್ ಅಂಡ್ ದಿ ಗ್ಲೋರಿ' (೧೯೪೦) ಕುಡುಕ ಪಾದ್ರಿಯೊಬ್ಬನ ಕಥೆ. ರೋಮಿನ ಧರ್ಮಾಧಿಕಾರಿಗಳು ೧೯೫೩ರಲ್ಲಿ ಅದನ್ನು ಆಕ್ಷೇಪಿಸಿದರು. ಶುಸಾಕು ಎಂಡೋ ಅವರ ೧೯೬೬ರ 'ಮೌನ'ದಲ್ಲಿ ಹಿಂಸೆಗೆ ಸಿಕ್ಕ ಭಕ್ತರ ಮೊರೆಗೆ ಆಕಾಶದಿಂದ ಉತ್ತರವಿಲ್ಲ. ಪಾದ್ರಿ ಕ್ರಿಸ್ತನ ಪ್ರತಿಮೆಯನ್ನು ತುಳಿಯುತ್ತಾನೆ. ಇಬ್ಬರೂ ಕಥೋಲಿಕರು, ನಂಬಿದವರೇ. ಕಾವಲುಗಾರರಿಗೆ ಇಂಥ ಪುಸ್ತಕಗಳು ಹಿಡಿಸಲಿಲ್ಲ. ಓದುವವರು ಮಾತ್ರ ಎದೆಗೊತ್ತಿಕೊಂಡರು.

ಕಾವಲುಗಾರರ ಭಯ ನನಗೆ ತಿಳಿಯದೆ ಇಲ್ಲ. ಅನುಮಾನವನ್ನು ಕಥೆಯೊಳಗೆ ಬಿಟ್ಟುಕೊಂಡರೆ ಸಾಮಾನ್ಯ ಓದುಗನ ನಂಬಿಕೆ ಕೆಟ್ಟೀತೆಂಬ ಭಯ ಅದು. ಆದರೆ ಅವರ ಮೂಲಗ್ರಂಥವೇ ಈ ಭಯವನ್ನು ಇಟ್ಟುಕೊಂಡಿಲ್ಲ. ತಪ್ಪಿಹೋದ ಮಗನ ಸಾಮತಿಯನ್ನು ಎಲ್ಲರೂ ಬಲ್ಲರು: ಕಿರಿಯ ಮಗ ಹಿಂದಿರುಗಿದ, ತಂದೆ ಅಪ್ಪಿಕೊಂಡ, ಔತಣವಾಯಿತು. ಕರಪತ್ರದವರು ಇಲ್ಲಿಗೆ ನಿಲ್ಲಿಸುತ್ತಾರೆ. ಲೂಕನ ಗ್ರಂಥದಲ್ಲಿ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಹೊಲದಿಂದ ಬಂದ ಹಿರಿಯ ಮಗ ಒಳಗಿನ ಹಾಡು ಕುಣಿತ ಕೇಳಿ, ಇಷ್ಟು ವರ್ಷ ದುಡಿದ ತನಗಾಗಿ ಒಂದು ದಿನವೂ ಔತಣವಾಗಲಿಲ್ಲವಲ್ಲ ಎಂದು ಹೊರಗೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಸಮಾಧಾನ ಹೇಳುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು. ಹಿರಿಯ ಮಗ ಒಳಗೆ ಹೋದನೆ? ಹೇಳಿಲ್ಲ. ಎರಡು ಸಾವಿರ ವರ್ಷಗಳಿಂದ ಅವನು ಹೊಸ್ತಿಲ ಆಚೆಯೇ ನಿಂತಿದ್ದಾನೆ. ಯೋನನ ಪುಸ್ತಕ ಮುಗಿಯುವುದು ಪ್ರಶ್ನೆಯಿಂದ. ಪ್ರಶ್ನೆ ಕೇಳುವವನು ದೇವರು, ಉತ್ತರಿಸದೆ ಮುನಿಸಿಕೊಂಡು ಕೂತವನು ಪ್ರವಾದಿ. ಯೋಬನಿಗೆ ಕೊನೆಯಲ್ಲಿ ಮತ್ತೆ ಹತ್ತು ಮಕ್ಕಳು ಹುಟ್ಟಿದರೆಂದಿದೆ. ಮೊದಲು ಸತ್ತ ಹತ್ತು ಮಂದಿ ಎದ್ದು ಬರಲಿಲ್ಲ.

ನಂಬಿದವರಿಗೆ ಕಥೆ ಬರೆಯುವವರು ಇದನ್ನು ಕಥೆಯೆಂದು ಒಮ್ಮೆ ಓದಬೇಕು. ಹಿರಿಯ ಮಗನನ್ನು ಕಥೆಗೆ ಕರೆದುಕೊಳ್ಳುವ ಧೈರ್ಯ ಬಂದ ದಿನ ಅವರ ಪುಸ್ತಕಗಳು ಬೇರೆಯಾಗುತ್ತವೆ. ವಸ್ತುವಿಗೇನು ಬರವೆ? ನಮ್ಮ ಜಿಲ್ಲೆಯಲ್ಲೇ ಶೆಟ್ಟಿಹಳ್ಳಿಯ ಇಗರ್ಜಿ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದಮೇಲೆ ಊರು ಎದ್ದುಹೋಯಿತು, ಇಗರ್ಜಿ ಉಳಿಯಿತು. ಮಳೆಗಾಲದಲ್ಲಿ ಅರ್ಧ ನೀರೊಳಗೆ, ಬೇಸಗೆಯಲ್ಲಿ ನೆಲದ ಮೇಲೆ. ಜನ ಈಗ ಅಲ್ಲಿ ಮದುವೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ತಾವು ಮೊಣಕಾಲೂರಿದ ನೆಲ ವರ್ಷಕ್ಕೊಮ್ಮೆ ಮುಳುಗುವುದನ್ನು ದಡದಲ್ಲಿ ನಿಂತು ನೋಡಿದ ಮುದುಕಿಯೊಬ್ಬಳು ದೇವರಿಗೆ ಏನು ಹೇಳಿದ್ದಾಳು? ಅದನ್ನು ಬರೆಯುವವರು ಬೇಕು.

ವಿಮರ್ಶಕರ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳೋಣ. ಸಭೆಯ ಅಂಗಡಿಗಳಲ್ಲಿ ಮಾರಾಟವಾಗುವ ಪುಸ್ತಕಗಳನ್ನು ನಾವು ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ, ಪಠ್ಯಕ್ಕೆ ತರುವುದಿಲ್ಲ, ಬೈಯುವುದೂ ಇಲ್ಲ. ಬೈಸಿಕೊಳ್ಳದ ಬರವಣಿಗೆ ಬಲಿಯುವುದಾದರೂ ಹೇಗೆ?

ಬಾಯಮ್ಮನಿಗೆ ಕೊನೆಗೆ ಏನು ಕೊಟ್ಟೆನೆಂದು ಹೇಳಿ ನಿಲ್ಲಿಸುತ್ತೇನೆ. ಟಾಲ್‌ಸ್ಟಾಯ್ ೧೮೮೫ರಲ್ಲಿ ಬರೆದ ಕಥೆಯೊಂದಿದೆ. ಪ್ರೀತಿಯಿದ್ದಲ್ಲಿ ದೇವರು ಎಂಬ ಅರ್ಥದ ಹೆಸರು ಅದಕ್ಕೆ. ನೀತಿ ಹೆಸರಿನಲ್ಲೇ ಇದೆ! ಉಪದೇಶವಿದ್ದರೆ ಕಥೆ ಕೆಡುತ್ತದೆ ಎಂಬ ವಾದ ನನ್ನದಲ್ಲವೆಂಬುದಕ್ಕೆ ಇದೇ ಸಾಕ್ಷಿ. ನೆಲಮಾಳಿಗೆಯ ಕೋಣೆಯಲ್ಲಿ ಒಬ್ಬ ಚಮ್ಮಾರ, ಮಾರ್ಟಿನ್. ಹೆಂಡತಿ ಸತ್ತಳು, ಉಳಿದ ಒಬ್ಬನೇ ಮಗ ಕೈಗೆ ಬರುವಷ್ಟು ಬೆಳೆದು, ಒಂದು ವಾರದ ಜ್ವರದಲ್ಲಿ ತೀರಿಹೋದ. ಮಾರ್ಟಿನ್ ದೇವರ ಮೇಲೆ ಮುನಿಸಿಕೊಂಡು ಇಗರ್ಜಿಗೆ ಹೋಗುವುದನ್ನು ಬಿಟ್ಟ. ಆಮೇಲೆ ಒಬ್ಬ ಮುದುಕ ಬಂದು ಸುವಾರ್ತೆ ಓದೆನ್ನುತ್ತಾನೆ. ಓದುತ್ತ ನಿದ್ದೆ ಹತ್ತಿದ ಒಂದು ರಾತ್ರಿ, ನಾಳೆ ನಿನ್ನ ಬೀದಿಗೆ ಬರುತ್ತೇನೆಂಬ ದನಿ ಕೇಳುತ್ತದೆ. ಮರುದಿನ ಕಿಟಕಿಯಲ್ಲಿ ಕಾಯುತ್ತಾನೆ. ಬಂದದ್ದು ಹಿಮ ಗುಡಿಸುವ ಮುದುಕ, ಚಳಿಗೆ ನಡುಗುವ ಬಾಣಂತಿ, ಸೇಬು ಮಾರುವ ಮುದುಕಿ ಮತ್ತು ಅವಳಿಂದ ಸೇಬು ಕದ್ದ ಹುಡುಗ. ಮುದುಕನಿಗೆ ಚಹಾ ಕೊಡುತ್ತಾನೆ, ಬಾಣಂತಿಗೆ ಬಿಸಿಬಿಸಿ ಊಟ ಹಾಕುತ್ತಾನೆ, ಮುದುಕಿಯನ್ನೂ ಹುಡುಗನನ್ನೂ ರಾಜಿ ಮಾಡಿಸುತ್ತಾನೆ. ಯಾರು ಬಂದಿದ್ದರೆಂಬುದು ರಾತ್ರಿ ಅವನಿಗೆ ತಿಳಿಯುತ್ತದೆ. ಮಗ ಮಾತ್ರ ಹಿಂದಕ್ಕೆ ಬರುವುದಿಲ್ಲ. ಬರುವನೆಂದು ಕಥೆ ಹೇಳುವುದೂ ಇಲ್ಲ.

ಇಂಗ್ಲಿಷಿನಿಂದ ನಾನೇ ನೋಟುಬುಕ್ಕಿಗೆ ಕನ್ನಡ ಮಾಡಿ ಬರೆದುಕೊಟ್ಟೆ. ರಷ್ಯದ ಹೆಸರುಗಳು ತೊಡಕಾದಾವೆಂದು ಎರಡು ಮೂರನ್ನು ಬಿಟ್ಟಿದ್ದೆ. ಸತ್ತ ಹುಡುಗನನ್ನು ಬರಿಯ 'ಮಗ' ಎಂದೇ ಬರೆದಿದ್ದೆ. ನಾಲ್ಕು ದಿನ ಕಳೆದು ಬಾಯಮ್ಮ ಬಂದರು. ಕಥೆ ಹೇಗಿತ್ತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನೋಟುಬುಕ್ಕನ್ನು ತೆರೆದು ಎರಡನೆಯ ಪುಟದ ಮೇಲೆ ಬೆರಳಿಟ್ಟರು.

"ಈ ಹುಡುಗನ ಹೆಸರೇನು ಮೇಷ್ಟ್ರೇ?"

ಕಪಿತೋನ್ ಎಂದೆ. ನನ್ನ ಮೇಜಿನ ಮೇಲಿದ್ದ ಪೆನ್ಸಿಲನ್ನು ತೆಗೆದುಕೊಂಡು ಅಂಚಿನಲ್ಲಿ ಬರೆದರು. ಅಕ್ಷರ ಸರಿಯಾಯಿತೇ ಎಂದು ನನಗೆ ತೋರಿಸಿದರು. ಆ ನೋಟುಬುಕ್ಕು ಅವರ ಮನೆಯಲ್ಲೇ ಇದೆ.